ಪ್ರೈಮರಿ ಶಾಲೆಯಲ್ಲೊಂದು ಕೊಲೆ ಕೇಸು

ಮಕ್ಕಳೇ, ಈ ವಾರದ ಪುಸ್ತಕ ನಿಮಗಲ್ಲ, ಅಜ್ಜ ಅಜ್ಜಿಯರಿಗೆ. ಹಾಗಂತ ಮುಖ ಊದಿಸಿಕೊಂಡು ಪುಟ ತಿರುಗಿಸಬೇಡಿ. ಆ ದಪ್ಪ ಪುಸ್ತಕದ ಒಳಗೆ ಐದು ವರ್ಷದ ಮಕ್ಕಳದೊಂದು ಪುಟ್ಟ ಕಥೆ ಅಡಗಿ ಕೂತಿದೆ. ಅದು ಪೂರ್ತಿ ನಿಮ್ಮದು. ಅದನ್ನು ಹೊರಗೆ ಎಳೆದು ನಿಮ್ಮ ಕೈಗೆ ಕೊಡುವುದೇ ಇವತ್ತಿನ ನಮ್ಮ ಕೆಲಸ.

ಪುಸ್ತಕದ ಹೆಸರು ‘ಬಿಗ್ ಲಿಟಲ್ ಲೈಸ್’. ದೊಡ್ಡ ದೊಡ್ಡ ಸಣ್ಣ ಸುಳ್ಳುಗಳು ಅಂತ ಇಟ್ಟುಕೊಳ್ಳೋಣ. ಬರೆದವರು ಆಸ್ಟ್ರೇಲಿಯಾದ ಲಿಯಾನ್ ಮೊರಿಯಾರ್ಟಿ. ಷರ್ಲಾಕ್ ಹೋಮ್ಸ್ ಕಥೆ ಓದಿದವರು ಈಗ ಕಿವಿ ನಿಮಿರಿಸಿರಬೇಕು. ಹೋಮ್ಸ್‌ನ ಪರಮ ಶತ್ರುವಿನ ಹೆಸರೂ ಮೊರಿಯಾರ್ಟಿಯೇ! ಆದರೆ ಈಕೆ ಸಿಡ್ನಿಯಲ್ಲಿ ಹುಟ್ಟಿ ಬೆಳೆದ ಪಾಪದ ಹೆಂಗಸು. ಆರು ಮಕ್ಕಳ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಅಕ್ಕ. ಚಿಕ್ಕವಳಿದ್ದಾಗ ಅಪ್ಪ ಅವಳ ಕೈಗೆ ಒಂದು ಡಾಲರ್ ಮುಂಗಡ ಕೊಟ್ಟು, ‘ನನಗೊಂದು ಕಾದಂಬರಿ ಬರೆದುಕೊಡು’ ಅಂದರಂತೆ. ಹುಡುಗಿ ಹಣ ತಿಂದು ಸುಮ್ಮನಾಗಲಿಲ್ಲ. ಸತ್ತವನ ದ್ವೀಪದ ರಹಸ್ಯ ಎಂಬರ್ಥದ ಹೆಸರಿಟ್ಟು ಮೂರು ಸಂಪುಟ ಬರೆದು ಒಪ್ಪಿಸಿದಳು. ಒಂದು ಡಾಲರಿಗೆ ಮೂರು ಸಂಪುಟ! ಅಷ್ಟು ಅಗ್ಗಕ್ಕೆ ಕೆಲಸ ಮಾಡುವ ಲೇಖಕರು ಈಗ ಯಾವ ಊರಲ್ಲೂ ಸಿಗುವುದಿಲ್ಲ.

ದೊಡ್ಡವಳಾದ ಮೇಲೆ ಬರವಣಿಗೆ ಎಲ್ಲೋ ಹಿಂದೆ ಬಿತ್ತು. ಅಷ್ಟರಲ್ಲಿ ತಂಗಿ ಜಾಕ್ಲಿನ್ ಫೋನು ಮಾಡಿ, ‘ಅಕ್ಕಾ, ನನ್ನ ಪುಸ್ತಕ ಅಚ್ಚಾಗ್ತಾ ಇದೆ’ ಅಂದಳು. ಅಕ್ಕನಿಗೆ ಹೊಟ್ಟೆಯೊಳಗೆ ಸಣ್ಣಗೆ ಉರಿ ಹತ್ತಿತು. ಕೂತು ಪ್ರಾಣಿಗಳ ಒಲಿಂಪಿಕ್ಸ್ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಬರೆದಳು. ಆಸ್ಟ್ರೇಲಿಯಾದ ಪ್ರಕಾಶಕರೆಲ್ಲ ಅದನ್ನು ಒಕ್ಕೊರಲಿನಿಂದ ತಿರಸ್ಕರಿಸಿದರು ಎಂದು ಅವರೇ ನಗುನಗುತ್ತಾ ಹೇಳಿಕೊಂಡಿದ್ದಾರೆ. ಆದರೂ ಪೆನ್ನು ಕೆಳಗಿಡಲಿಲ್ಲ. 2004ರಲ್ಲಿ ಮೊದಲ ಕಾದಂಬರಿ ಬಂತು. 2014ರಲ್ಲಿ ಬಂದ ‘ಬಿಗ್ ಲಿಟಲ್ ಲೈಸ್’ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಹೋಗಿ ಕೂತಿತು. ಆಸ್ಟ್ರೇಲಿಯಾದ ಬೇರೆ ಯಾರ ಕಾದಂಬರಿಯೂ ಅದುವರೆಗೆ ಹಾಗೆ ಹೋಗಿರಲಿಲ್ಲ. ಪರೀಕ್ಷೆಯಲ್ಲಿ ಒಂದು ಸಲ ಕಡಿಮೆ ಅಂಕ ಬಂದರೆ ಪುಸ್ತಕ ಮೂಲೆಗೆಸೆಯುವವರು ಈ ಅಕ್ಕನನ್ನು ನೆನಪಿಟ್ಟುಕೊಳ್ಳಿ.

ಈಗ ಕಥೆಗೆ ಬರೋಣ. ಊರಿನ ಹೆಸರು ಪಿರಿವೀ. ನಕ್ಷೆಯಲ್ಲಿ ಹುಡುಕಬೇಡಿ, ಅದು ಲೇಖಕಿ ಕಟ್ಟಿದ ಊರು. ಸಿಡ್ನಿಯ ಉತ್ತರಕ್ಕೆ ಸಾಲಾಗಿರುವ ಕಡಲತೀರಗಳ ಊರುಗಳನ್ನು ನೋಡಿ ಕಟ್ಟಿದ್ದು. ಅಲ್ಲೊಂದು ಸರ್ಕಾರಿ ಪ್ರೈಮರಿ ಶಾಲೆ. ಸಿಡ್ನಿ ಇರುವ ರಾಜ್ಯದಲ್ಲಿ ಮಕ್ಕಳು ಐದರ ಸುಮಾರಿಗೆ ಶಾಲೆ ಸೇರುತ್ತಾರೆ. ಮೊದಲ ತರಗತಿಯ ಹೆಸರೇ ಕಿಂಡರ್‌ಗಾರ್ಟನ್, ಆಮೇಲೆ ಒಂದರಿಂದ ಆರು. ಅಲ್ಲಿಯ ಬಿಸಿಲು ಎಷ್ಟು ಚುರುಕೆಂದರೆ ಎಷ್ಟೋ ಶಾಲೆಗಳಲ್ಲಿ ‘ಟೋಪಿ ಇಲ್ಲದಿದ್ದರೆ ಆಟ ಇಲ್ಲ’ ಎಂಬ ನಿಯಮವೇ ಇದೆ. ನಮ್ಮಲ್ಲಿ ಐಡಿ ಕಾರ್ಡ್ ಮರೆತರೆ ಬೈಸಿಕೊಳ್ಳುವ ಹಾಗೆ ಅಲ್ಲಿ ಟೋಪಿ ಮರೆತವರು ನೆರಳಲ್ಲಿ ಕೂರಬೇಕು.

ಕಥೆ ಶುರುವಾಗುವುದು ಶಾಲೆಯ ಪಕ್ಕದ ಮನೆಯಲ್ಲಿ. ಅಲ್ಲಿ ಪಾಂಡರ್ ಎಂಬ ಅಜ್ಜಿ ಒಬ್ಬರೇ ಇದ್ದಾರೆ. ಜೊತೆಗಿರುವುದು ಒಂದು ಬೆಕ್ಕು. ಅದರ ಹೆಸರು ಮೇರಿ ಆಂಟನೆಟ್, ಫ್ರಾನ್ಸಿನ ರಾಣಿಯ ಹೆಸರು! ಆ ರಾತ್ರಿ ಶಾಲೆಯಲ್ಲಿ ತಂದೆ ತಾಯಿಯರಿಗಾಗಿ ರಸಪ್ರಶ್ನೆ ಕಾರ್ಯಕ್ರಮ. ಶಾಲೆಗೆ ಹಣ ಕೂಡಿಸಲು ಇಟ್ಟದ್ದು. ಆದರೆ ಅಜ್ಜಿಯ ಕಿಟಕಿಗೆ ಕೇಳಿಸುತ್ತಿರುವುದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಕೂಗಾಟ, ಕಿರುಚಾಟ. ಸ್ವಲ್ಪ ಹೊತ್ತಿಗೆ ಸೈರನ್ ಬೇರೆ. ಯಾರೋ ಒಬ್ಬರು ಸತ್ತಿದ್ದಾರೆ!

ಸತ್ತವರು ಯಾರು? ಲೇಖಕಿ ಹೇಳುವುದಿಲ್ಲ. ಕೊಂದವರು ಯಾರು? ಅದನ್ನೂ ಹೇಳುವುದಿಲ್ಲ. ಕೊಲೆಯೋ ಆಕಸ್ಮಿಕವೋ? ಊಹೂಂ. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಆರು ತಿಂಗಳು ಹಿಂದಕ್ಕೆ ಕರೆದುಕೊಂಡು ಹೋಗಿ, ಒಂದೊಂದೇ ದಿನ ಎಣಿಸುತ್ತಾ ಆ ರಾತ್ರಿಗೆ ವಾಪಸು ತರುತ್ತಾರೆ.

ಅಜ್ಜ ಅಜ್ಜಿಯರು ತಮ್ಮ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ದಿಂಬಿನ ಕೆಳಗೆ ಅಡಗಿಸಿಟ್ಟು ಓದಿದವರು. ಅಲ್ಲಿ ಪತ್ತೇದಾರ ಪುರುಷೋತ್ತಮ ಬಂದನೆಂದರೆ ನಮಗೆ ಧೈರ್ಯ; ಕೊನೆಯ ಪುಟದೊಳಗೆ ಕಳ್ಳ ಸಿಕ್ಕೇ ಸಿಗುತ್ತಾನೆ. ಈ ಪುಸ್ತಕದಲ್ಲಿ ಅಂಥ ಪತ್ತೇದಾರ ಇಲ್ಲ. ಅಥವಾ ಇಡೀ ಊರೇ ಪತ್ತೇದಾರ! ಶಾಲೆಯ ಗೇಟಿನಲ್ಲಿ ನಿಲ್ಲುವ ಪ್ರತಿಯೊಬ್ಬ ಅಪ್ಪ, ಅಮ್ಮನಿಗೂ ತನ್ನದೇ ಒಂದು ತೀರ್ಪು ಇದೆ. ಅಧ್ಯಾಯಗಳ ನಡುನಡುವೆ ಅವರೆಲ್ಲ ಬಂದು ಒಂದೆರಡು ಸಾಲಿನ ಸಾಕ್ಷಿ ಹೇಳಿ ಹೋಗುತ್ತಾರೆ. ಒಬ್ಬರ ಪ್ರಕಾರ ಎಲ್ಲಕ್ಕೂ ಕಾರಣ ಹೆಂಗಸರ ಓದುಗರ ಕೂಟ. ಇನ್ನೊಬ್ಬರ ಪ್ರಕಾರ ಕೆಲಸಕ್ಕೆ ಹೋಗುವ ಅಮ್ಮಂದಿರಿಗೂ ಮನೆಯಲ್ಲಿರುವ ಅಮ್ಮಂದಿರಿಗೂ ನಡೆದ ಜಗಳ. ಮತ್ತೊಬ್ಬರು, ಅದೆಲ್ಲ ಬಿಡಿ, ಮಗು ನೋಡಿಕೊಳ್ಳಲು ಬಂದ ಫ್ರೆಂಚ್ ಹುಡುಗಿಯ ವಿಷಯ ಗೊತ್ತಾ ಎಂದು ಪಿಸುಗುಡುತ್ತಾರೆ. ಒಬ್ಬರು ಹೇಳಿದ್ದನ್ನು ಮುಂದಿನವರು ಅಲ್ಲಗಳೆಯುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ. ಓದುತ್ತಾ ನಗು ತಡೆಯುವುದು ಕಷ್ಟ.

ಆ ರಾತ್ರಿಯ ವೇಷಭೂಷಣವೂ ಸಾಕ್ಷಿಗಳಿಗೆ ಅನುಕೂಲವಾಗಿರಲಿಲ್ಲ. ಹೆಂಗಸರೆಲ್ಲ ಹಳೆಯ ಹಾಲಿವುಡ್ ನಟಿ ಆಡ್ರಿ ಹೆಪ್ಬರ್ನ್ ಥರ, ಗಂಡಸರೆಲ್ಲ ಗಾಯಕ ಎಲ್ವಿಸ್ ಪ್ರೀಸ್ಲಿ ಥರ ಬರಬೇಕೆಂದು ಆಮಂತ್ರಣದಲ್ಲೇ ಇತ್ತು. ನಮ್ಮೂರ ಶಾಲೆಯ ಕಾರ್ಯಕ್ರಮಕ್ಕೆ ಗಂಡಸರೆಲ್ಲ ರಾಜ್‌ಕುಮಾರ್ ವೇಷದಲ್ಲಿ, ಹೆಂಗಸರೆಲ್ಲ ಮಿನುಗುತಾರೆ ಕಲ್ಪನಾ ವೇಷದಲ್ಲಿ ಬಂದರೆ ಹೇಗಿರುತ್ತದೆ ಊಹಿಸಿ. ಮರುದಿನ ಪೊಲೀಸರು ಬಂದು ‘ಯಾರನ್ನು ನೋಡಿದಿರಿ’ ಅಂತ ಕೇಳಿದರೆ ‘ರಾಜ್‌ಕುಮಾರ್ ಅವರನ್ನು’ ಅನ್ನಬೇಕು. ಯಾವ ರಾಜ್‌ಕುಮಾರ್?

ದೊಡ್ಡವರ ಕೇಸು ಇಲ್ಲಿಗೆ ಸಾಕು. ಅದರ ಉತ್ತರವನ್ನು ನಾನು ಹೇಳಿದರೆ ಅಜ್ಜಿಯರು ನನ್ನನ್ನು ಕ್ಷಮಿಸುವುದಿಲ್ಲ. ಈಗ ಮಕ್ಕಳ ಕೇಸು ತೆಗೆಯೋಣ.

ಶಾಲೆ ಶುರುವಾಗುವ ಮೊದಲು ಹೊಸ ಮಕ್ಕಳಿಗೆ ತರಗತಿ ತೋರಿಸುವ ದಿನ. ಅಮ್ಮಂದಿರು ಹೊರಗೆ ಕಾಯುತ್ತಿದ್ದಾರೆ. ಮಕ್ಕಳು ಹೊರಬಂದಾಗ ಒಂದು ಹುಡುಗಿಯ ಕುತ್ತಿಗೆಯ ಮೇಲೆ ಕೆಂಪು ಗುರುತುಗಳು. ಯಾರೋ ಕತ್ತು ಹಿಸುಕಿದ್ದಾರೆ! ಹುಡುಗಿಯ ಹೆಸರು ಅಮಬೆಲ್ಲಾ. ಊರವರೆಲ್ಲ ‘ಆನಬೆಲ್ಲಾನಾ?’ ಎಂದು ಕೇಳುತ್ತಾರೆ, ಅವಳಮ್ಮ ರೆನಾಟಾ ಪ್ರತಿಸಲ ತಿದ್ದುತ್ತಾಳೆ. ನಮ್ಮ ಕಿವಿಗಂತೂ ಅದು ಅನ್ನ ಬೆಲ್ಲ ಎಂದೇ ಕೇಳಿಸುತ್ತದೆ. ರೆನಾಟಾ ದೊಡ್ಡ ಹುದ್ದೆಯಲ್ಲಿರುವ ಹೆಂಗಸು, ಮಗಳೆಂದರೆ ಪ್ರಾಣ. ಅವಳಿಗೆ ಈಗಿಂದೀಗಲೇ ಉತ್ತರ ಬೇಕು. ಎಲ್ಲ ಮಕ್ಕಳೂ ಎಲ್ಲ ಅಮ್ಮಂದಿರೂ ನೋಡುತ್ತಿರುವಾಗಲೇ ‘ಯಾರು ಮಾಡಿದ್ದು, ತೋರಿಸು’ ಎಂದು ಮಗುವನ್ನು ಕೇಳುತ್ತಾರೆ.

ಮಗು ಮೆಲ್ಲಗೆ ಬೆರಳೆತ್ತಿ ತೋರಿಸಿದ್ದು ಜಿಗ್ಗಿ ಎಂಬ ಹುಡುಗನನ್ನು.

ಜಿಗ್ಗಿ ಊರಿಗೆ ಹೊಸಬ. ಅವನಮ್ಮ ಜೇನ್ ಇಪ್ಪತ್ನಾಲ್ಕು ವರ್ಷದವಳು, ಬಾಡಿಗೆ ಮನೆಯಲ್ಲಿ ಮಗನನ್ನು ಒಬ್ಬಳೇ ಸಾಕುತ್ತಿದ್ದಾಳೆ. ಹುಡುಗನಿಗೆ ಅಪ್ಪ ಯಾರೆಂದು ಗೊತ್ತಿಲ್ಲ. ‘ನಾನು ಮಾಡಿಲ್ಲ’ ಅನ್ನುತ್ತಾನೆ ಜಿಗ್ಗಿ. ಅಷ್ಟೇ. ಅಳುವುದಿಲ್ಲ, ಬೇರೆಯವರ ಹೆಸರು ಹೇಳುವುದಿಲ್ಲ. ‘ಕ್ಷಮೆ ಕೇಳು’ ಎಂದು ಒತ್ತಾಯಿಸಿದಾಗಲೂ ‘ನಾನು ಮಾಡಿಲ್ಲ’ ಎಂದೇ ನಿಲ್ಲುತ್ತಾನೆ. ಮಾಡದ ತಪ್ಪಿಗೆ ಹೇಗೆ ಕ್ಷಮೆ ಕೇಳುವುದು?

ಅಲ್ಲಿಂದ ಊರು ಎರಡು ಪಕ್ಷ. ಅಮಬೆಲ್ಲಾಳ ಹುಟ್ಟುಹಬ್ಬಕ್ಕೆ ಇಡೀ ಕ್ಲಾಸಿಗೆ ಕರೆ ಬಂತು, ಜಿಗ್ಗಿಗೆ ಮಾತ್ರ ಇಲ್ಲ. ಜೇನ್‌ಳ ಗೆಳತಿ ಮ್ಯಾಡಲೀನ್‌ಗೆ ಸಿಟ್ಟು ಬಂತು. ಈ ಮ್ಯಾಡಲೀನ್ ಜಗಳ ಸಿಕ್ಕರೆ ಹಬ್ಬದೂಟ ಸಿಕ್ಕಷ್ಟು ಖುಷಿ ಪಡುವ ಹೆಂಗಸು, ಆದರೆ ಮನಸ್ಸು ಬೆಣ್ಣೆ. ಅವಳು ಹುಟ್ಟುಹಬ್ಬದ ದಿನವೇ ಒಂದಷ್ಟು ಮಕ್ಕಳನ್ನು, ಮಂಜುಗಡ್ಡೆಯ ಮೇಲೆ ಡಿಸ್ನಿ ಪಾತ್ರಗಳು ಜಾರಾಡುವ ಆಟಕ್ಕೆ ಕರೆದುಕೊಂಡು ಹೊರಟುಬಿಟ್ಟಳು. ಇಲ್ಲಿ ಕೇಕ್ ಕತ್ತರಿಸುವಾಗ ಚಪ್ಪಾಳೆ ತಟ್ಟುವ ಕೈ ಕಡಿಮೆ! ದೊಡ್ಡವರ ಈ ಹಠ ಓದುವಾಗ ನಗು ಬರುತ್ತದೆ. ನಕ್ಕು ಮುಗಿದ ಮೇಲೆ, ಆ ದಿನ ಐದು ವರ್ಷ ತುಂಬಿದ ಹುಡುಗಿಗೆ ಹೇಗನಿಸಿರಬೇಕು ಎಂದು ನೆನಪಾಗಿ ನಗು ಗಂಟಲಲ್ಲೇ ನಿಲ್ಲುತ್ತದೆ.

ಅಮಬೆಲ್ಲಾಳ ಮೈಮೇಲೆ ಮತ್ತೆ ಗಾಯ ಕಾಣಿಸುತ್ತದೆ. ಮಗು ಬಾಯಿ ಬಿಡುವುದಿಲ್ಲ. ಎಲ್ಲರ ಕಣ್ಣೂ ಮತ್ತೆ ಜಿಗ್ಗಿಯ ಮೇಲೆ. ಕೊನೆಗೆ ಕೆಲವರು ಕಾಗದ ಪೆನ್ನು ಹಿಡಿದು, ಈ ಹುಡುಗನನ್ನು ಶಾಲೆಯಿಂದ ಸಸ್ಪೆಂಡ್ ಮಾಡಿ ಎಂದು ಸಹಿ ಸಂಗ್ರಹಕ್ಕೆ ಇಳಿಯುತ್ತಾರೆ. ಶೂ ಲೇಸು ಕಟ್ಟಲು ಕಲಿಯುವ ವಯಸ್ಸಿನವನ ಮೇಲೆ ದೊಡ್ಡವರ ಸಹಿಯ ಸಾಲು! ಪುಣ್ಯಕ್ಕೆ ಪಿರಿವೀಯವರು ಗೇಟಿನಲ್ಲಿ ನಿಂತು ಮಾತಾಡಬೇಕಿತ್ತು. ನಮ್ಮ ಹಾಗೆ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪು ಪುಸ್ತಕದ ತುಂಬಾ ಇದ್ದಿದ್ದರೆ ಕೇಸು ಮಧ್ಯಾಹ್ನದ ಊಟದ ಗಂಟೆಗೆ ಮೊದಲೇ ತೀರ್ಮಾನವಾಗುತ್ತಿತ್ತು.

ಜೇನ್ ಏನು ಮಾಡಿದಳು? ಅವಳಿಗೆ ಮಗನ ಬಗ್ಗೆ ಒಂದು ಗುಟ್ಟಿನ ನಂಬಿಕೆ ಇತ್ತು. ತೀರಿಹೋದ ತನ್ನ ಪ್ರೀತಿಯ ಅಜ್ಜನೇ ಜಿಗ್ಗಿಯಾಗಿ ಹುಟ್ಟಿ ಬಂದಿದ್ದಾನೆ ಎಂದು! ಮಗುವಿನ ಕಿವಿ, ಹುಬ್ಬು ನೋಡಿ ‘ಥೇಟ್ ನಮ್ಮ ಯಜಮಾನರೇ’ ಅನ್ನುವ ನಮ್ಮ ಅಜ್ಜಿಯಂದಿರಿಗೆ ಈ ಜೇನ್ ತಕ್ಷಣ ಇಷ್ಟವಾಗುತ್ತಾಳೆ. ಅಷ್ಟು ನಂಬಿಕೆ ಇದ್ದವಳಿಗೂ, ಊರೆಲ್ಲ ಒಂದೇ ಮಾತು ಹೇಳತೊಡಗಿದಾಗ, ನನ್ನ ಮಗ ನಿಜವಾಗಿ ಮಾಡಿರಬಹುದೇ ಎಂಬ ಭಯ ಮೂಡುತ್ತದೆ. ಅವನನ್ನು ಮನಶ್ಶಾಸ್ತ್ರಜ್ಞರ ಹತ್ತಿರವೂ ಕರೆದೊಯ್ಯುತ್ತಾಳೆ. ಸಂಶಯ ಅನ್ನುವುದು ನೆಗಡಿಯ ಹಾಗೆ, ಹತ್ತಿರ ನಿಂತವರಿಗೂ ಅಂಟುತ್ತದೆ.

ಕೊನೆಗೊಂದು ದಿನ ತಾಯಿ ಮಗ ಇಬ್ಬರೇ ಇದ್ದಾಗ ಮಾತು ಬರುತ್ತದೆ. ಅಮಬೆಲ್ಲಾಗೆ ನೋವು ಮಾಡುತ್ತಿರುವುದು ಯಾರೆಂದು ಜಿಗ್ಗಿಗೆ ಗೊತ್ತು! ಅಮಬೆಲ್ಲಾಳೇ ಹೇಳಿದ್ದಾಳೆ. ಆದರೆ ಯಾರಿಗೂ ಹೇಳಬಾರದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದಾಳೆ. ಇಷ್ಟು ದಿನ ಬೈಸಿಕೊಂಡು, ಹುಟ್ಟುಹಬ್ಬ ತಪ್ಪಿಸಿಕೊಂಡು, ಆ ಪುಟ್ಟ ಹುಡುಗ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಅಮ್ಮನಿಗೆ ಒಂದು ಉಪಾಯ ಹೊಳೆಯುತ್ತದೆ. ಬಾಯಿಬಿಟ್ಟು ಹೇಳುವುದು ಬೇಡ, ಬರೆದು ತೋರಿಸಬಹುದಲ್ಲ! ಆಗತಾನೇ ಅಕ್ಷರ ಕಲಿಯುತ್ತಿರುವ ಹುಡುಗ ಕಾಗದದ ಮೇಲೆ ಒಂದು ಹೆಸರು ಗೀಚುತ್ತಾನೆ. ಕಾಗುಣಿತ ತಪ್ಪು. ಹೆಸರು ಸರಿ.

ಊರಿಗೆ ಊರೇ ಆರು ತಿಂಗಳು ಹುಡುಕಿದ ಉತ್ತರ ಒಂದು ಪುಟ್ಟ ಕೈಯಲ್ಲಿತ್ತು. ಒಬ್ಬರೇ ಒಬ್ಬರು ಪಕ್ಕದಲ್ಲಿ ಕೂತು ಕೇಳಬೇಕಿತ್ತು.

ಆ ಹೆಸರನ್ನು ನಾನು ಹೇಳುವುದಿಲ್ಲ. ಆದರೆ ಅವನು ಯಾವ ಮನೆಯ ಹುಡುಗ ಎಂಬುದನ್ನು ಹೇಳಲೇಬೇಕು. ಊರಿಗೆಲ್ಲ ಅತಿ ಚೆಂದದ ಮನೆ ಅದು. ಸಮುದ್ರ ಕಾಣುವ ಕಿಟಕಿ, ಕೈತುಂಬ ಹಣ, ಸಿನಿಮಾದವರ ಹಾಗಿರುವ ಅಪ್ಪ ಅಮ್ಮ. ನೋಡಿದವರೆಲ್ಲ ಹೊಟ್ಟೆಕಿಚ್ಚು ಪಡುವಂಥ ಸಂಸಾರ. ಬಾಗಿಲು ಮುಚ್ಚಿದ ಮೇಲೆ ಅಪ್ಪ ಅಮ್ಮನಿಗೆ ಹೊಡೆಯುತ್ತಿದ್ದ. ಮಕ್ಕಳ ಎದುರು ನಡೆದಿಲ್ಲ, ಹಾಗಾಗಿ ಮಕ್ಕಳಿಗೆ ಗೊತ್ತಿಲ್ಲ ಎಂದು ಅಮ್ಮ ನಂಬಿಕೊಂಡಿದ್ದಳು. ಮಕ್ಕಳಿಗೆ ಗೊತ್ತಿತ್ತು. ಮನೆಯೇ ಮೊದಲ ಪಾಠಶಾಲೆ ಅನ್ನುತ್ತೇವಲ್ಲ, ಆ ಹುಡುಗ ಮನೆಯಲ್ಲಿ ಕಲಿತ ಪಾಠವನ್ನು ಶಾಲೆಗೆ ತಂದು ಒಪ್ಪಿಸುತ್ತಿದ್ದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಲ್ಲಿ ಒಂದು ಕೂಸಿದೆ. ಇಲ್ಲಿ ಮೂರು ಕೂಸುಗಳು ಬಡವಾದವು: ನೋವು ತಿಂದವಳು, ಮಾಡದ ತಪ್ಪು ಹೊತ್ತವನು, ನೋವು ಕೊಟ್ಟವನು.

ನಗಿಸುತ್ತಾ ನಗಿಸುತ್ತಾ ಈ ಪುಸ್ತಕ ನಮ್ಮನ್ನು ತಂದು ನಿಲ್ಲಿಸುವುದು ಇಲ್ಲಿ. ಅದಕ್ಕೇ ಇದನ್ನು ಈ ವಾರ ಆರಿಸಿಕೊಂಡದ್ದು.

ಅಜ್ಜ ಅಜ್ಜಿಯರೇ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಎಷ್ಟೋ ಕಡೆ ನಿಂತಿರುವವರು ನೀವೇ. ಮೊಮ್ಮಗು ಗೀರಿದ ಕೈ ಹೊತ್ತು ಬಂದರೆ ಮೊದಲು ಬಾಯಿಗೆ ಬರುವುದು ‘ಯಾರೋ ಅದು, ತೋರಿಸು ನನಗೆ’ ಎಂಬ ಮಾತು. ನಾಲ್ಕು ಜನರ ಮುಂದೆ ಹಾಗೆ ಕೇಳಿದರೆ ಮಗು ಯಾರತ್ತಲಾದರೂ ಬೆರಳು ತೋರಿಸಿ ಪಾರಾಗುತ್ತದೆ. ನಿಜವಾಗಿ ಹೆದರಿಸಿದವನು ಅಲ್ಲೇ ನಿಂತಿದ್ದರಂತೂ ಅವನತ್ತ ಬೆರಳು ಏಳುವುದೇ ಇಲ್ಲ. ಮನೆಗೆ ಕರೆದುಕೊಂಡು ಬನ್ನಿ. ತಿಂಡಿ ಕೊಡಿ. ಅವರೆಕಾಯಿ ಬಿಡಿಸುತ್ತಲೋ ಬಟ್ಟೆ ಮಡಚುತ್ತಲೋ ಮಾತಿಗೆಳೆಯಿರಿ. ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ? ಆಟದ ಪೀರಿಯಡ್‌ನಲ್ಲಿ ಎಲ್ಲಿದ್ದೆ? ಯಾರ ಹತ್ತಿರ ಹೋಗಲು ಇಷ್ಟ ಇಲ್ಲ? ದಿನವಿಡೀ ಓಡಾಡುವ ಅಪ್ಪ ಅಮ್ಮನಿಗಿಲ್ಲದ ಒಂದು ಸಂಪತ್ತು ನಿಮ್ಮಲ್ಲಿದೆ, ಅದು ಸಮಯ. ಮಗು ಹೇಳಿದ್ದನ್ನು ಮೊದಲು ಟೀಚರ್ ಬಳಿ ಮಾತಾಡಿ, ಗುಂಪಿನಲ್ಲಿ ಹಾಕುವ ಕೆಲಸ ಬೇಡವೇ ಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿಮ್ಮ ಹಿರಿಯರೇ ಹೇಳಿದ್ದಾರೆ.

ಮಕ್ಕಳೇ, ನಿಮಗೆ ಎರಡು ಮಾತು. ಜಿಗ್ಗಿ ಕೊಟ್ಟ ಮಾತು ಉಳಿಸಿಕೊಂಡದ್ದು ದೊಡ್ಡ ಗುಣ. ಆದರೆ ಒಬ್ಬರಿಗೆ ನೋವಾಗುತ್ತಿರುವ ಗುಟ್ಟನ್ನು ಕಾಪಾಡಬೇಕಾಗಿಲ್ಲ. ಅಜ್ಜಿಗೆ ಕೊಡಲು ಇಟ್ಟ ಹುಟ್ಟುಹಬ್ಬದ ಉಡುಗೊರೆ ಗುಟ್ಟಾಗಿರಲಿ. ಯಾರೋ ಹೊಡೆಯುತ್ತಾರೆ, ಹೆದರಿಸುತ್ತಾರೆ ಎಂಬುದು ಗುಟ್ಟಾಗಿರಬಾರದು. ಅದನ್ನು ನಂಬುವ ದೊಡ್ಡವರಿಗೆ ಹೇಳುವುದು ಚಾಡಿ ಅಲ್ಲ. ಬಾಯಲ್ಲಿ ಹೇಳಲು ಆಗದಿದ್ದರೆ ಜಿಗ್ಗಿಯ ಹಾಗೆ ಬರೆದು ಕೊಡಿ, ಕಾಗುಣಿತ ಯಾರೂ ತಿದ್ದುವುದಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಹೇಳುವಂಥವರು ಯಾರೂ ಇಲ್ಲ ಅನ್ನಿಸಿದರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಹಣ ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಆ ಸಂಖ್ಯೆಯನ್ನು ಈಗಲೇ ಒಂದು ಸಲ ಗಟ್ಟಿಯಾಗಿ ಹೇಳಿ: ಹತ್ತು, ಒಂಬತ್ತು, ಎಂಟು.

ಎರಡನೆಯದು, ಕ್ಲಾಸಿನಲ್ಲಿ ಒಬ್ಬನನ್ನು ಎಲ್ಲರೂ ಸೇರಿ ‘ಅವನೇ’ ಅನ್ನುತ್ತಿದ್ದರೆ, ನೀವು ಕಣ್ಣಾರೆ ಕಂಡಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕಂಡಿಲ್ಲವಾದರೆ ನಿಮ್ಮ ಬೆರಳು ಜೇಬಿನಲ್ಲೇ ಇರಲಿ.

ಅಜ್ಜ ಅಜ್ಜಿಯರಿಗೆ ಒಂದು ಸೂಚನೆ: ಮೂಲ ಪುಸ್ತಕ ಇಂಗ್ಲಿಷಿನಲ್ಲಿದೆ, ದೊಡ್ಡವರ ವಿಷಯಗಳು ಬೇಕಾದಷ್ಟಿವೆ. 2017ರಲ್ಲಿ ಇದು ನಿಕೋಲ್ ಕಿಡ್ಮನ್, ರೀಸ್ ವಿದರ್‌ಸ್ಪೂನ್ ನಟಿಸಿದ ಟಿವಿ ಧಾರಾವಾಹಿಯೂ ಆಯಿತು. ಅದರಲ್ಲಿ ಊರನ್ನು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಎತ್ತಿಕೊಂಡು ಹೋಗಿದ್ದಾರೆ. ಅದೂ ದೊಡ್ಡವರಿಗೇ. ಮಕ್ಕಳು ಮಲಗಿದ ಮೇಲೆ ಓದಿ, ನೋಡಿ.

ಇನ್ನು ಈ ವಾರದ ಆಟ. ಹೆಸರು ‘ಮೂರು ಸಾಕ್ಷಿ’. ಮನೆಯವರೆಲ್ಲ ಸುತ್ತ ಕೂತಿರಿ. ಒಬ್ಬರು ಎದ್ದು ಒಂದು ನಿಮಿಷ ಕೋಣೆಯಲ್ಲಿ ಓಡಾಡಬೇಕು: ನೀರು ಕುಡಿಯಲಿ, ಕಿಟಕಿ ಮುಚ್ಚಲಿ, ಯಾರದೋ ಕನ್ನಡಕ ಎತ್ತಿ ಬೇರೆ ಕಡೆ ಇಡಲಿ. ಆಮೇಲೆ ಅವರು ಹೊರಗೆ ಹೋಗಲಿ. ಉಳಿದವರಲ್ಲಿ ಮೂವರು ಒಬ್ಬರನ್ನೊಬ್ಬರು ಕೇಳದೆ, ಕಂಡದ್ದನ್ನು ಕ್ರಮವಾಗಿ ಬರೆಯಿರಿ. ಮೊದಲು ಮಾಡಿದ್ದೇನು? ಯಾವ ಕೈಯಲ್ಲಿ? ಚಪ್ಪಲಿ ಹಾಕಿದ್ದರೋ ಇಲ್ಲವೋ? ಮೂರೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿ. ಒಂದೇ ಕೋಣೆ, ಒಂದೇ ನಿಮಿಷ. ಎಷ್ಟು ಕಥೆಗಳು ಹುಟ್ಟಿವೆ ಎಣಿಸಿ. ಆಟ ಮುಗಿದ ಮೇಲೆ ಅಜ್ಜನ ಕನ್ನಡಕ ಎಲ್ಲಿದ್ದದ್ದು ಅಲ್ಲಿಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮನೆಯಲ್ಲಿ ಇನ್ನೊಂದು ಕೇಸು ದಾಖಲಾಗುತ್ತದೆ.